ಚಾಲಕನ ಬೆನ್ನು ಯಾರ ಲೆಕ್ಕಕ್ಕೆ?

ಸಾಮಾನು ಸಾಗಿಸುವ ಗಾಡಿಯ ಡ್ರೈವರ್ ಸೀಟು ಒಂದು ರಾಜಕೀಯ ವಾರಪತ್ರಿಕೆ ಚರ್ಚಿಸತಕ್ಕ ವಿಷಯವೇ ಎಂದು ಕೆಲವರು ಹುಬ್ಬೇರಿಸಬಹುದು. ಭೂಮಿಯ ಪ್ರಶ್ನೆಯಿದೆ, ಬೆಲೆಯ ಪ್ರಶ್ನೆಯಿದೆ, ಓದಿದ ಹುಡುಗರಿಗೆ ಕೆಲಸವಿಲ್ಲದ ಪ್ರಶ್ನೆಯಿದೆ. ಇಷ್ಟನ್ನೆಲ್ಲ ಬಿಟ್ಟು ಫೋಮು, ರೆಗ್ಜಿನ್ನುಗಳ ಮಾತೇಕೆ ಎಂದು ಕೇಳಬಹುದು. ನಮ್ಮ ಉತ್ತರ ಸರಳವಾಗಿದೆ. ದುಡಿಯುವವನ ಮೈ ಸವೆಯುವುದು ಭಾಷಣಗಳಲ್ಲಲ್ಲ. ಅವನು ನಿಂತ ಜಾಗದಲ್ಲಿ, ಕೂತ ಜಾಗದಲ್ಲಿ. ಗಣಿಯವನಿಗೆ ಅದು ಸುರಂಗ, ನೇಕಾರನಿಗೆ ಮಗ್ಗದ ಗುಂಡಿ, ಪಿಕಪ್ ಡ್ರೈವರಿಗೆ ಎರಡು ಅಡಿ ಅಗಲದ ಸೀಟು. ದಿನಕ್ಕೆ ಹತ್ತು ಹನ್ನೆರಡು ಗಂಟೆ ಆ ಎರಡು ಅಡಿಯೇ ಅವನ ಪ್ರಪಂಚ. ಅದು ಹೇಗಿರಬೇಕೆಂದು ನಿರ್ಧರಿಸುವವರು ಯಾರು, ಕೆಟ್ಟರೆ ಸರಿಪಡಿಸುವ ಖರ್ಚು ಯಾರದು ಎಂಬುದು ಖಂಡಿತವಾಗಿಯೂ ರಾಜಕೀಯದ ಪ್ರಶ್ನೆ.

ನಮ್ಮ ಪ್ರತಿಯೊಂದು ಜಿಲ್ಲಾ ಪಟ್ಟಣದಲ್ಲಿಯೂ ಒಂದೆರಡು ಕುಷನ್ ಅಂಗಡಿಗಳಿವೆ. ಒಂದು ಹೊಲಿಗೆ ಯಂತ್ರ, ಗೋಡೆಗೆ ಒರಗಿಸಿದ ಫೋಮಿನ ಹಾಳೆಗಳು, ಬಣ್ಣ ಬಣ್ಣದ ರೆಗ್ಜಿನ್ ಸುರುಳಿಗಳು, ಅಂಟಿನ ಡಬ್ಬ, ಒಂದು ಕತ್ತರಿ — ಬಂಡವಾಳ ಇಷ್ಟೆ. ಷೋರೂಮಿನಿಂದ ಹೊರಬಂದು ಕೆಲವೇ ತಿಂಗಳಾದ ಹೊಸ ಪಿಕಪ್ಪೂ ಅಲ್ಲಿ ಬಂದು ನಿಲ್ಲುತ್ತದೆ. ಡ್ರೈವರು ಸೀಟನ್ನು ಬಿಚ್ಚಿಸಿ, ಕಂಪನಿ ಹಾಕಿದ ಫೋಮನ್ನು ಕೀಳಿಸಿ, ಬೇರೆಯದನ್ನು ತುಂಬಿಸುತ್ತಾನೆ. ಸೊಂಟದ ಬಳಿ ಒಂದು ಉಬ್ಬು ಇಡಿಸುತ್ತಾನೆ. ಮೇಲೆ ಬಟ್ಟೆಯ ಹೊದಿಕೆ ಹೊಲಿಸುತ್ತಾನೆ. ಅಷ್ಟು ಹಣವಿಲ್ಲದವನು ಮರದ ಮಣಿಯ ಹೊದಿಕೆ ಹಾಸಿಕೊಳ್ಳುತ್ತಾನೆ. ಅದೂ ಆಗದವನು ಗೋಣಿಚೀಲವನ್ನೋ ಹಳೆಯ ಟವಲನ್ನೋ ನಾಲ್ಕು ಮಡಿಕೆ ಮಾಡಿ ಕೂರುತ್ತಾನೆ. ಲಕ್ಷಗಟ್ಟಲೆ ರೂಪಾಯಿ ಕೊಟ್ಟು ಕೊಂಡ ಗಾಡಿಯಲ್ಲಿ ಮನುಷ್ಯ ಕೂರುವ ಜಾಗವನ್ನು ಮನುಷ್ಯನಿಗೆ ತಕ್ಕಂತೆ ಮಾಡಿಕೊಳ್ಳುವುದಕ್ಕೆ ಮತ್ತೆ ಹಣ ಕೊಡಬೇಕಾಗಿದೆ. ಇದನ್ನು ಯಾರೂ ವಿಚಿತ್ರವೆಂದು ತಿಳಿಯದಿರುವುದೇ ನಮಗೆ ವಿಚಿತ್ರವಾಗಿ ಕಾಣುತ್ತದೆ.

ಊರಿನ ಅನ್ನ ಹೊರುವ ಗಾಡಿ

ಈ ಸಣ್ಣ ಗಾಡಿಗಳು ಇಂದು ನಾಡಿನ ಅನ್ನ ಹೊರುತ್ತಿವೆ. ಟಾಟಾ ಏಸ್ 2005ರಲ್ಲಿ ಬಂದಿತು. ಒಂದು ಟನ್ನಿಗೂ ಕಡಿಮೆ ಭಾರ ಹೊರುವ ನಾಲ್ಕು ಚಕ್ರದ ಗಾಡಿ ಹಳ್ಳಿಯ ಓಣಿಗೂ ನುಗ್ಗಿತು. ಮಹೀಂದ್ರದ ಬೊಲೆರೊ ಪಿಕಪ್, 2011ರಲ್ಲಿ ಬಂದ ಅಶೋಕ್ ಲೇಲ್ಯಾಂಡ್ ದೋಸ್ತ್ ಮುಂತಾದವು ಅದಕ್ಕಿಂತ ಹೆಚ್ಚಿನ ಭಾರ ಹೊರುತ್ತವೆ. ಕೋಲಾರದ ಮಂಡಿಗೆ ಟೊಮ್ಯಾಟೊ ಕ್ರೇಟುಗಳು, ರಾಮನಗರದ ಮಾರುಕಟ್ಟೆಗೆ ರೇಷ್ಮೆ ಗೂಡು, ತೀರ್ಥಹಳ್ಳಿ ಸಾಗರಗಳಿಂದ ಶಿವಮೊಗ್ಗಕ್ಕೆ ಅಡಿಕೆ ಮೂಟೆ, ಮಲ್ಪೆಯ ಬಂದರಿನಿಂದ ಘಟ್ಟದ ಮೇಲಕ್ಕೆ ಮೀನು — ಇವೆಲ್ಲ ಹೋಗುವುದು ಬಹುಮಟ್ಟಿಗೆ ಇವುಗಳ ಬೆನ್ನ ಮೇಲೆಯೇ. ಆಗುಂಬೆ ಘಾಟಿಯ 14 ತಿರುವುಗಳಲ್ಲಿ ದೊಡ್ಡ ಲಾರಿಗೆ ಪ್ರವೇಶವಿಲ್ಲ. ಸಣ್ಣ ಗಾಡಿಯೇ ಗತಿ. ಸೂರ್ಯ ಹುಟ್ಟುವ ಮೊದಲು ಮಂಡಿ ತಲುಪಬೇಕಾದ ಸರಕು ರಾತ್ರಿ ಹೊರಡುತ್ತದೆ. ಅದರೊಡನೆ ಡ್ರೈವರೂ ರಾತ್ರಿಯೇ ಹೊರಡುತ್ತಾನೆ.

ಈ ಗಾಡಿಯ ಹಿಂಭಾಗವನ್ನು ಎತ್ತಿ ಹಿಡಿಯುವುದು ಪಟ್ಟೆ ಸ್ಪ್ರಿಂಗು. ಪೂರ್ತಿ ಭಾರ ಹೊತ್ತಾಗ ಬಾಗದಿರಲಿ ಎಂದು ಅದನ್ನು ಬಿರುಸಾಗಿ ಮಾಡಿರುತ್ತಾರೆ. ಸರಕು ತುಂಬಿದಾಗ ಗಾಡಿ ಒಂದಿಷ್ಟು ಗಂಭೀರವಾಗಿ ನಡೆಯುತ್ತದೆ. ಸರಕು ಇಳಿಸಿ ಖಾಲಿ ಮರಳುವಾಗ ಪ್ರತಿ ಗುಂಡಿಗೂ ಎಗರುತ್ತದೆ. ಎಂದರೆ ಗಾಡಿಯ ಲೆಕ್ಕಾಚಾರವೆಲ್ಲ ಸರಕಿನದು. ಸರಕು ಇದ್ದಾಗ ಅದು ಕೆಡದಿರಲಿ ಎಂಬುದು ಉದ್ದೇಶ. ಸರಕು ಇಲ್ಲದಾಗ ಗಾಡಿಯಲ್ಲಿ ಉಳಿಯುವುದು ಡ್ರೈವರು ಮಾತ್ರ, ಅವನ ಲೆಕ್ಕ ಯಾರೂ ಇಟ್ಟಿಲ್ಲ.

ಇನ್ನು ಸೀಟು. ತಗಡಿನ ತಟ್ಟೆ, ಅದರ ಮೇಲೊಂದು ಫೋಮಿನ ತುಂಡು, ಮೇಲೆ ರೆಗ್ಜಿನ್ನು — ಅಗ್ಗದ ಗಾಡಿಗಳಲ್ಲಿ ಬಹುಕಾಲ ಇದೇ ನಡೆದುಬಂದಿದೆ. ಬೆನ್ನಿನ ಹಲಗೆ ನೆಟ್ಟಗೆ ನಿಂತಿರುತ್ತದೆ. ಹಿಂದೆ ಕ್ಯಾಬಿನ್ನಿನ ಗೋಡೆಯಿರುವುದರಿಂದ ಅದನ್ನು ಬಾಗಿಸಲು ಜಾಗವೂ ಇಲ್ಲ. ಎಂಜಿನ್ನು ಕೂತವರ ಅಡಿಯಲ್ಲಿಯೇ ಇರುವ ಮಾದರಿಗಳಲ್ಲಿ ಬೇಸಗೆಯ ಮಧ್ಯಾಹ್ನ ಸೀಟು ಕಾದ ಹೆಂಚಾಗುತ್ತದೆ. ರೆಗ್ಜಿನ್ನು ಗಾಳಿ ಆಡಗೊಡುವುದಿಲ್ಲ. ಬೆವರು ಅಲ್ಲಿಯೇ ನಿಲ್ಲುತ್ತದೆ. ಇತ್ತೀಚೆಗೆ ಕೆಲವು ಮಾದರಿಗಳಲ್ಲಿ ಎತ್ತರ ಹೆಚ್ಚು ಕಡಿಮೆ ಮಾಡಬಹುದಾದ ಸೀಟು, ಎ.ಸಿ. ಕೂಡ ಬಂದಿವೆಯೆಂಬುದನ್ನು ನಾವು ಮರೆಮಾಚುವುದಿಲ್ಲ. ಆದರೆ ಅವು ಮೇಲಿನ ದರ್ಜೆಯ ಗಾಡಿಗಳಲ್ಲಿ, ಹೆಚ್ಚು ಹಣ ಕೊಟ್ಟವರಿಗೆ. ಬೆನ್ನುಮೂಳೆ ಮಾತ್ರ ಅಗ್ಗದ ಗಾಡಿಯವನಿಗೂ ದುಬಾರಿ ಗಾಡಿಯವನಿಗೂ ಒಂದೇ ಆಗಿದೆ.

ಇದು ಇಂದು ನಿನ್ನೆಯ ಕಥೆಯೂ ಅಲ್ಲ. 1954ರಲ್ಲಿ ಜಮ್‌ಷೆಡ್‌ಪುರದಲ್ಲಿ ಟಾಟಾ–ಮರ್ಸಿಡಿಸ್ ಬೆಂಜ್ ಲಾರಿಗಳು ತಯಾರಾಗತೊಡಗಿದವು. ಅಂದಿನಿಂದ ದಶಕಗಳ ಕಾಲ ನಮ್ಮ ದೇಶದಲ್ಲಿ ಲಾರಿಯೆಂದರೆ ಕಂಪನಿ ಕೊಡುತ್ತಿದ್ದದ್ದು ಎಂಜಿನ್ನು ಮತ್ತು ಛಾಸಿ ಮಾತ್ರ ಎಂಬಂತಿತ್ತು. ಕ್ಯಾಬಿನ್ನನ್ನು ನಾಮಕ್ಕಲ್, ತಿರುಚೆಂಗೋಡಿನಂಥ ಊರುಗಳ ಬಡಗಿಗಳು, ಕಮ್ಮಾರರು ಕಟ್ಟಿಕೊಡುತ್ತಿದ್ದರು. ಡ್ರೈವರಿಗೆ ಹಲಗೆಯೇ ಸೀಟು. ಮನುಷ್ಯ ಕೂರುವ ಜಾಗ ಯಂತ್ರದ ಭಾಗವಲ್ಲ, ಕೊಂಡವನ ತಲೆನೋವು ಎಂಬ ಭಾವನೆ ಅಲ್ಲಿ ಬೇರೂರಿತು. ಈಗ ಕ್ಯಾಬಿನ್ನು ಕಾರ್ಖಾನೆಯಿಂದಲೇ ಬರುತ್ತದೆ. ಆ ಭಾವನೆಯೂ ಅದರೊಡನೆಯೇ ಬರುತ್ತಿದೆ.

ಮೈಯೊಳಗೆ ನಡೆಯುವುದೇನು?

ಸೀಟು ಗಟ್ಟಿಯಾದರೆ ಕುಂಡೆ ನೋಯುತ್ತದೆ, ಅಷ್ಟೇ ತಾನೆ ಎನ್ನುವವರಿಗೆ ನಾವು ಸ್ವಲ್ಪ ವಿಜ್ಞಾನ ಹೇಳಬೇಕಾಗಿದೆ. ಪ್ರತಿಯೊಂದು ವಸ್ತುವಿಗೂ ತನ್ನದೇ ಆದ ಒಂದು ತೂಗಾಟದ ಲಯವಿರುತ್ತದೆ. ಉಯ್ಯಾಲೆಯನ್ನು ಅದರ ಲಯಕ್ಕೆ ಸರಿಯಾಗಿ ತಳ್ಳಿದರೆ ಸಣ್ಣ ತಳ್ಳಿಗೂ ಅದು ದೊಡ್ಡದಾಗಿ ತೂಗುತ್ತದೆ. ಕೂತ ಮನುಷ್ಯನ ಮುಂಡಕ್ಕೂ ಬೆನ್ನುಮೂಳೆಗೂ ಇಂಥ ಲಯವಿದೆ. ಅದು ಸೆಕೆಂಡಿಗೆ ಸುಮಾರು 4ರಿಂದ 6 ಸಾರಿಯ ಆಸುಪಾಸಿನಲ್ಲಿದೆ. ಕೆಟ್ಟ ರಸ್ತೆಯಲ್ಲಿ ಬಿರುಸು ಸ್ಪ್ರಿಂಗಿನ ಗಾಡಿ ನಡುಗುವ ಲಯವೂ ಹೆಚ್ಚು ಕಡಿಮೆ ಅಲ್ಲಿಯೇ ಬರುತ್ತದೆ. ಆಗ ನೆಲದ ಒಂದು ಕುಲುಕು ಬೆನ್ನಿನಲ್ಲಿ ಒಂದೂವರೆಯಾಗಿ ಕೇಳುತ್ತದೆ. ಮೂಳೆ ಮೂಳೆಗಳ ನಡುವಿನ ಮೆತ್ತೆಗಳು ಜಜ್ಜಿಹೋಗುತ್ತವೆ, ಬೆನ್ನಿನ ಸ್ನಾಯು ಬಿಗಿದು ಬಳಲುತ್ತದೆ. ವರ್ಷಗಟ್ಟಲೆ ಹೀಗಾದರೆ ಸೊಂಟ ನೋವು ಕಾಲಿಗಿಳಿಯುತ್ತದೆ.

ಹೊರದೇಶಗಳು ಇದನ್ನು ಎಂದೋ ಒಪ್ಪಿವೆ. ಮೈಗೆ ತಟ್ಟುವ ಕಂಪನವನ್ನು ಅಳೆಯುವ ಅಂತರರಾಷ್ಟ್ರೀಯ ಮಾನಕ, ಐ.ಎಸ್.ಓ. 2631, ಮೊದಲು ಪ್ರಕಟವಾದದ್ದು 1974ರಲ್ಲಿ. ಜರ್ಮನಿಯಲ್ಲಿ 1993ರಿಂದ, ಕೂತು ಕೆಲಸ ಮಾಡುವಾಗ ಬಹುಕಾಲದ ಕಂಪನದಿಂದ ಸೊಂಟದ ಬೆನ್ನುಮೂಳೆಯ ಮೆತ್ತೆ ಕೆಡುವುದನ್ನು ವೃತ್ತಿರೋಗವೆಂದು ಪಟ್ಟಿಮಾಡಲಾಗಿದೆ. ಎಂದರೆ ಅದು ಕೆಲಸಗಾರನ ಹಣೆಬರಹವಲ್ಲ, ಕೆಲಸದ ಫಲ. ಯೂರೋಪಿನ ಒಕ್ಕೂಟ 2002ರಲ್ಲಿ ಒಂದು ನಿರ್ದೇಶನ ಹೊರಡಿಸಿತು. ಎಂಟು ಗಂಟೆಯ ದುಡಿಮೆಯ ಲೆಕ್ಕದಲ್ಲಿ ಮೈಯ ಕಂಪನದ ವೇಗೋತ್ಕರ್ಷ ಸೆಕೆಂಡಿನ ವರ್ಗಕ್ಕೆ 0.5 ಮೀಟರ್ ಮುಟ್ಟಿದರೆ ಮಾಲೀಕನು ಕ್ರಮ ಕೈಗೊಳ್ಳತಕ್ಕದ್ದು, 1.15 ಮೀಟರನ್ನು ಯಾವ ಕಾರಣಕ್ಕೂ ದಾಟಕೂಡದು. ಗಮನಿಸಬೇಕಾದದ್ದು ಅಂಕಿಯಷ್ಟೇ ಅಲ್ಲ. ಕ್ರಮ ಕೈಗೊಳ್ಳಬೇಕಾದವನು ಮಾಲೀಕ ಎಂಬ ಮಾತು. ನಮ್ಮಲ್ಲಿ ಕ್ರಮ ಕೈಗೊಳ್ಳುವವನು ಡ್ರೈವರು. ಅವನ ಕ್ರಮ ಕುಷನ್ ಅಂಗಡಿಗೆ ಹೋಗುವುದು.

ಇಲ್ಲಿ ಒಂದು ಹಳೆಯ ವಾದಕ್ಕೆ ಉತ್ತರ ಕೊಡಬೇಕು. "ಸೀಟು ಮೆತ್ತಗಾದರೆ ಡ್ರೈವರು ನಿದ್ದೆ ಹೊಡೆಯುತ್ತಾನೆ" ಎಂದು ಮಾಲೀಕರು ಹೇಳುವುದುಂಟು. ಗಟ್ಟಿ ಸೀಟು ಅವನನ್ನು ಎಚ್ಚರವಾಗಿಡುತ್ತದಂತೆ! ಮೆಲ್ಬರ್ನಿನ ಆರ್.ಎಂ.ಐ.ಟಿ. ವಿಶ್ವವಿದ್ಯಾನಿಲಯದ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ನೇರ ಉತ್ತರವಾಗಿದೆ. 15 ಜನರನ್ನು ಅಣಕು ಚಾಲನೆಯ ಯಂತ್ರದಲ್ಲಿ ಕೂರಿಸಿ, ಸೆಕೆಂಡಿಗೆ 4ರಿಂದ 7 ಸಾರಿಯ ಕಂಪನ ಕೊಟ್ಟು ನೋಡಿದರು. ಹದಿನೈದು ನಿಮಿಷದೊಳಗೆ ತೂಕಡಿಕೆಯ ಲಕ್ಷಣಗಳು ಕಾಣಿಸಿಕೊಂಡವು. ಅರ್ಧ ಗಂಟೆಯ ಹೊತ್ತಿಗೆ ಎಚ್ಚರವಾಗಿರುವುದೇ ಪ್ರಯಾಸವಾಯಿತು. ನಿದ್ದೆ ತರಿಸುವುದು ಮೆತ್ತನೆಯ ಸೀಟಲ್ಲ, ಎಡೆಬಿಡದ ನಡುಕ. ಆದ್ದರಿಂದ ಸೀಟಿನ ಪ್ರಶ್ನೆ ಡ್ರೈವರಿಗೆ ಮಾತ್ರ ಸೇರಿದ್ದಲ್ಲ. ಎದುರಿನಿಂದ ಸೈಕಲ್ಲಿನಲ್ಲಿ ಬರುವ ಶಾಲೆಯ ಹುಡುಗನಿಗೂ ಸೇರಿದ್ದು.

ಕುಷನ್ ಅಂಗಡಿ ಎಷ್ಟರ ಮಟ್ಟಿಗೆ ಪರಿಹಾರ?

ಸರ್ಕಾರವೂ ಕಂಪನಿಗಳೂ ಕಣ್ಣು ತೆರೆಯುವವರೆಗೆ ಡ್ರೈವರು ಬೆನ್ನು ಮುರಿದುಕೊಂಡು ಕಾಯಬೇಕೆಂದು ನಾವು ಹೇಳುವುದಿಲ್ಲ. ಕುಷನ್ ಅಂಗಡಿಯಲ್ಲಿ ನಾಲ್ಕು ದಿನದ ಸಂಪಾದನೆ ಸುರಿಯುವವನು ಅದನ್ನು ತಿಳಿದು ಸುರಿಯಲಿ.

ಮೊದಲನೆಯ ಮಾತು: ಮೆತ್ತಗಿದ್ದದ್ದೆಲ್ಲ ಒಳ್ಳೆಯದಲ್ಲ. ದಪ್ಪನೆಯ ಮೆದು ಫೋಮಿನ ಮೇಲೆ ಕೂತಾಗ ಅಂಗಡಿಯಲ್ಲಿ ಸುಖವೆನಿಸುತ್ತದೆ. ಆದರೆ ಫೋಮಿನ ಮೆತ್ತೆ ಸ್ವತಃ ಸೆಕೆಂಡಿಗೆ ಸುಮಾರು 4 ಸಾರಿಯ ಲಯದಲ್ಲಿ ತೂಗುತ್ತದೆ. ಬೆನ್ನಿನ ಲಯವೂ ಅದೇ ನೆರೆಯಲ್ಲಿದೆ. ಅದಕ್ಕಿಂತ ಬೇಗದ ಗಡಗಡವನ್ನು ಫೋಮು ನುಂಗುತ್ತದೆ, ಆ ನಿಧಾನದ ಕುಲುಕನ್ನು ಹೆಚ್ಚಿಸುತ್ತದೆ. ಅಗ್ಗದ ಫೋಮು ಕೆಲವು ತಿಂಗಳಲ್ಲಿ ಚಪ್ಪಟೆಯಾಗಿ ಗುಂಡಿಯ ಮೇಲೆ ಇಳಿದಾಗ ತಗಡಿಗೇ ಬಡಿಯುತ್ತದೆ. ಆದ್ದರಿಂದ ಕೆಳಗೆ ಸಾಂದ್ರವಾದ ಗಟ್ಟಿ ಫೋಮು, ಮೇಲೆ ತೆಳುವಾದ ಮೆದು ಫೋಮು ಇಡಿಸುವುದು ಲೇಸು. ಹೆಬ್ಬೆರಳಿನಿಂದ ಒತ್ತಿ ನೋಡಿ ಕೊಳ್ಳುವುದಕ್ಕಿಂತ ಫೋಮಿನ ಸಾಂದ್ರತೆ ಎಷ್ಟೆಂದು ಕೇಳಿ ಕೊಳ್ಳಲಿ. ತಿಪಟೂರು ಅರಸೀಕೆರೆಗಳ ಕಡೆಯ ತೆಂಗಿನ ನಾರಿಗೆ ರಬ್ಬರು ಹಾಯಿಸಿ ಮಾಡಿದ ಹಾಳೆಯೂ ಕೆಳಪದರಕ್ಕೆ ಒಳ್ಳೆಯದೇ. ಗಾಳಿ ಆಡುತ್ತದೆ, ಬೇಗ ಕುಸಿಯುವುದಿಲ್ಲ.

ಎರಡನೆಯದು ಎತ್ತರ. ಮೂರು ಇಂಚು ಮೆತ್ತೆ ಏರಿಸಿದರೆ ತಲೆ ಚಾವಣಿಗೆ ಹತ್ತಿರವಾಗುತ್ತದೆ, ಕಾಲು ಬ್ರೇಕಿಗೆ ದೂರವಾಗುತ್ತದೆ, ತೊಡೆ ಸ್ಟಿಯರಿಂಗಿಗೆ ಸಿಕ್ಕಿಕೊಳ್ಳುತ್ತದೆ. ಕ್ಲಚ್ಚನ್ನು ಪೂರ್ತಿ ಒತ್ತಿದಾಗಲೂ ಮೊಣಕಾಲು ಸ್ವಲ್ಪ ಬಾಗಿರಬೇಕು. ಮೊಣಕಾಲಿನ ಹಿಂದೆ ಎರಡು ಮೂರು ಬೆರಳಿನಷ್ಟು ಜಾಗ ಬಿಡಬೇಕು, ಇಲ್ಲದಿದ್ದರೆ ಸೀಟಿನ ಅಂಚು ರಕ್ತದ ಓಟವನ್ನು ಅದುಮುತ್ತದೆ. ಬೆನ್ನಿನ ಉಬ್ಬು ಸೊಂಟದ ಒಳಬಾಗಿಗೆ ಸರಿಯಾಗಿ ಕೂರಬೇಕು. ಮೇಲಾದರೆ ಬೆನ್ನನ್ನು ಮುಂದಕ್ಕೆ ತಳ್ಳುತ್ತದೆ. ಹಿಂದಿನ ಜೇಬಿನಲ್ಲಿ ಪಾಕೀಟು ಇಟ್ಟುಕೊಂಡು ಕೂರುವ ಅಭ್ಯಾಸವನ್ನೂ ಬಿಡಬೇಕು. ಆ ಒಂದು ಬೆರಳು ದಪ್ಪ ಸೊಂಟವನ್ನು ದಿನವಿಡೀ ಓರೆ ಮಾಡುತ್ತದೆ.

ಮೂರನೆಯದು ಎಲ್ಲಕ್ಕಿಂತ ಮುಖ್ಯವಾದದ್ದು. ಬೆಂಗಳೂರಿನ ಜೆ.ಸಿ. ರಸ್ತೆಯಿಂದಲೋ ಶಿವಾಜಿನಗರದ ಗುಜರಿಯಿಂದಲೋ ಹಳೆಯ ಕಾರಿನ ಸೀಟು ತಂದು, ಪಟ್ಟಿ ಕೊಯ್ದು, ವೆಲ್ಡಿಂಗ್ ಮಾಡಿಸಿ ಪಿಕಪ್ಪಿಗೆ ಕೂರಿಸುವವರಿದ್ದಾರೆ. ಕಾರಿನ ಸೀಟು ಸುಖವಾದದ್ದೇ, ನಿಜ. ಆದರೆ ಸೀಟೆಂಬುದು ಮೆತ್ತೆ ಮಾತ್ರವಲ್ಲ; ಡಿಕ್ಕಿಯಾದಾಗ ಮನುಷ್ಯನನ್ನು ಹಿಡಿದಿಡುವ ಸಾಧನ. ಕಂಪನಿಯ ಬೋಲ್ಟು, ಹಳಿ, ಬೆಲ್ಟಿನ ಗೂಟ ಇವು ಪರೀಕ್ಷೆಯಾಗಿ ಬಂದವು. ಬೀದಿಯ ವೆಲ್ಡಿಂಗು ಹಾಗೆ ಬಂದದ್ದಲ್ಲ. ಸೀಟು ಕಿತ್ತು ಬಂದರೆ ಬೆಲ್ಟು ಹಾಕಿಯೂ ಫಲವಿಲ್ಲ. ಕಾನೂನಿನ ತೊಡಕೂ ಇದೆ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನ ಪ್ರಕಾರ ತಯಾರಕರು ಮೂಲದಲ್ಲಿ ಹೇಳಿದ ವಿವರಗಳಿಗೂ ಆರ್.ಸಿ. ವಿವರಗಳಿಗೂ ವ್ಯತ್ಯಾಸ ಬರುವಂತೆ ಗಾಡಿಯನ್ನು ಬದಲಾಯಿಸಕೂಡದು; 2019ರಲ್ಲಿ ಸುಪ್ರೀಂ ಕೋರ್ಟು ಇದನ್ನು ಬಿಗಿಯಾಗಿಯೇ ಎತ್ತಿಹಿಡಿಯಿತು. ಎಷ್ಟು ಜನ ಕೂರಬಹುದೆಂಬುದು ಆರ್.ಸಿ.ಯಲ್ಲಿ ಬರೆದಿರುತ್ತದೆ. ಮೆತ್ತೆ, ಹೊದಿಕೆ ಬದಲಾಯಿಸುವುದು ಬೇರೆ. ಒಂದು ಸೀಟು ಹೆಚ್ಚಿಸುವುದು, ಚೌಕಟ್ಟು ಬದಲಾಯಿಸುವುದು ಬೇರೆ. ಅಪಘಾತದ ಪರಿಹಾರ ಕೇಳುವ ದಿನ ವಿಮೆಯ ಕಂಪನಿ ಈ ಭೇದವನ್ನು ಚೆನ್ನಾಗಿಯೇ ನೆನಪಿಟ್ಟಿರುತ್ತದೆ.

ದೊಡ್ಡ ಲಾರಿ, ಬಸ್ಸುಗಳಿಗೆ ಗಾಳಿ ತುಂಬಿದ ಬುಗ್ಗೆಯ ಮೇಲೆ ನಿಲ್ಲುವ ಸೀಟುಗಳಿವೆ. ಅವುಗಳ ಲಯ ಸೆಕೆಂಡಿಗೆ 2 ಸಾರಿಯ ಸುಮಾರಿನಲ್ಲಿರುವುದರಿಂದ ಬೆನ್ನಿಗೆ ಕೆಡುಕಾದ ಕುಲುಕನ್ನು ಅವು ನಿಜವಾಗಿಯೂ ತಗ್ಗಿಸುತ್ತವೆ. ಆದರೆ ಪಿಕಪ್ಪಿನ ಕಿರಿದಾದ ಕ್ಯಾಬಿನ್ನಿನಲ್ಲಿ ಅದಕ್ಕೆ ಎತ್ತರವಿಲ್ಲ. ಅದನ್ನು ಕೂರಿಸುವಂತೆ ಕ್ಯಾಬಿನ್ನನ್ನು ಕಾರ್ಖಾನೆಯಲ್ಲಿಯೇ ರೂಪಿಸಬೇಕು. ಕುಷನ್ ಅಂಗಡಿಯ ಶಕ್ತಿ ಇಲ್ಲಿಗೆ ಮುಗಿಯುತ್ತದೆ. ಆ ಕಸುಬುದಾರನ ಕೈಚಳಕಕ್ಕೆ ನಮ್ಮ ಗೌರವವಿದೆ. ಆದರೆ ಕಾರ್ಖಾನೆ ಮಾಡದೆ ಬಿಟ್ಟ ಕೆಲಸವನ್ನೆಲ್ಲ ಕತ್ತರಿ ಸೂಜಿಗಳಿಂದ ತುಂಬಿಕೊಡೆಂದು ಅವನನ್ನು ಕೇಳಲಾಗದು.

ಕಾನೂನು ಬಿಟ್ಟ ಜನ

ಈಗ ಸರ್ಕಾರದ ಕಡೆ ನೋಡೋಣ. 2025ರ ಅಕ್ಟೋಬರ್ 1ರಿಂದ ತಯಾರಾಗುವ ಲಾರಿಗಳ ಕ್ಯಾಬಿನ್ನಿಗೆ ಎ.ಸಿ. ಕಡ್ಡಾಯವೆಂದು ಕೇಂದ್ರ ಸರ್ಕಾರ ನಿಯಮ ಮಾಡಿದೆ. ಅದನ್ನು ನಾವು ಸ್ವಾಗತಿಸುತ್ತೇವೆ. ಡ್ರೈವರಿಗೂ ಸೆಕೆ ಆಗುತ್ತದೆಂಬ ಸತ್ಯವನ್ನು ದೆಹಲಿ ಕಂಡುಕೊಳ್ಳಲು ಇಷ್ಟು ವರ್ಷ ಹಿಡಿಯಿತಾದರೂ ಕಂಡುಕೊಂಡದ್ದು ಒಳ್ಳೆಯದೇ. ಆದರೆ ಆ ನಿಯಮ ಯಾರಿಗೆ? ಎನ್-2, ಎನ್-3 ಎಂಬ ವರ್ಗಗಳಿಗೆ. ಎಂದರೆ ಸರಕು ಸೇರಿ ಒಟ್ಟು ತೂಕ ಮೂರೂವರೆ ಟನ್ ಮೀರಿದ ಗಾಡಿಗಳಿಗೆ. ಮೂರೂವರೆ ಟನ್ನಿನೊಳಗಿನ ಎನ್-1 ವರ್ಗಕ್ಕೆ ಅದು ಅನ್ವಯಿಸುವುದಿಲ್ಲ. ನಮ್ಮ ಪಿಕಪ್ಪುಗಳು ಬಹುತೇಕ ಇರುವುದು ಆ ಎನ್-1ರಲ್ಲಿಯೇ. ಮೂರೂವರೆ ಟನ್ನಿನ ಆಚೆಗಿನ ಡ್ರೈವರು ಬೆವರುತ್ತಾನೆ, ಈಚೆಗಿನವನು ಬೆವರುವುದಿಲ್ಲವೇ? ಸಣ್ಣ ಗಾಡಿಯ ಡ್ರೈವರಿಗೆ ಸಣ್ಣ ಸೆಕೆ ಎಂದು ಬರೆದ ಅಧಿಕಾರಿ ಯಾವ ಎಣಿಕೆಯಿಂದ ಬರೆದರೋ!

ದುಡಿಮೆಯ ಹೊತ್ತಿನ ಕಾನೂನೂ ಹೀಗೆಯೇ. 1961ರ ಮೋಟಾರು ಸಾರಿಗೆ ಕೆಲಸಗಾರರ ಕಾಯಿದೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಎಂದು ಮಿತಿ ಹಾಕಿತ್ತು. ಐದು ಗಂಟೆಯಾದ ಮೇಲೆ ಅರ್ಧ ಗಂಟೆ ಬಿಡುವು ಕೊಡಬೇಕೆಂದಿತ್ತು. ಒಳ್ಳೆಯ ಕಾಯಿದೆ. ಆದರೆ ಐವರು ಅಥವಾ ಹೆಚ್ಚು ಕೆಲಸಗಾರರಿರುವ ಸಂಸ್ಥೆಗೆ ಮಾತ್ರ ಅದು ಸಲ್ಲುತ್ತಿತ್ತು. ಒಂದೆರಡು ಗಾಡಿಯಿಟ್ಟವನ ಡ್ರೈವರು ಅಂದೂ ಅದರ ಹೊರಗೆ. 2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಾಗ ಈ ಹಳೆಯ ಕಾಯಿದೆ ವೃತ್ತಿ ಸುರಕ್ಷತೆಯ ಸಂಹಿತೆಯಲ್ಲಿ ಕರಗಿಹೋಯಿತು. ಹೊಸ ಸಂಹಿತೆಯಲ್ಲಿ ಮೋಟಾರು ಸಾರಿಗೆ ಸಂಸ್ಥೆಯೆಂದರೆ ಹತ್ತು ಕೆಲಸಗಾರರಿರಬೇಕು. ಐದಿದ್ದದ್ದು ಹತ್ತಾಯಿತು. ಸುಧಾರಣೆಯೆಂಬ ಹೆಸರಿನಲ್ಲಿ ಬಾಗಿಲನ್ನು ಅಗಲ ಮಾಡುವ ಬದಲು ಕಿರಿದು ಮಾಡಲಾಗಿದೆ.

ಮಾಲೀಕನ ಮೇಲೆ ಎಲ್ಲವನ್ನೂ ಹೊರಿಸಿ ಕೈತೊಳೆದುಕೊಳ್ಳುವುದೂ ಸರಿಯಲ್ಲವೆಂದು ನಾವು ಬಲ್ಲೆವು. ಪಿಕಪ್ ಲೋಕದಲ್ಲಿ ಮಾಲೀಕನೂ ಆಳೂ ಅನೇಕ ವೇಳೆ ಒಬ್ಬನೇ. ಒಂದೆಕರೆ ಅಡವಿಟ್ಟು ಮುಂಗಡ ಕಟ್ಟಿ, ಉಳಿದದ್ದಕ್ಕೆ ಫೈನಾನ್ಸಿನಲ್ಲಿ ಸಾಲ ಮಾಡಿ ಗಾಡಿ ತಂದವನು ಕಾಗದದ ಮೇಲೆ ಮಾಲೀಕ. ತಿಂಗಳ ಕಂತಿನ ತಾರೀಖು ಬಂದಾಗ ಅವನು ಯಾರ ಆಳೆಂಬುದು ಗೊತ್ತಾಗುತ್ತದೆ. ಬಾಡಿಗೆಯನ್ನು ಗೊತ್ತುಮಾಡುವವನು ಮಂಡಿಯ ದಲ್ಲಾಳಿ, ಪಟ್ಟಣಗಳಲ್ಲಾದರೆ ಫೋನಿನೊಳಗಿನ ಆ್ಯಪು. ಡೀಸಲಿನ ಬೆಲೆ ಅವನ ಕೈಯಲ್ಲಿಲ್ಲ, ಬಾಡಿಗೆ ಅವನ ಕೈಯಲ್ಲಿಲ್ಲ, ಕಂತು ಅವನ ಕೈಯಲ್ಲಿಲ್ಲ. ಅವನ ಕೈಯಲ್ಲಿರುವುದು ಒಂದೇ — ಇನ್ನೂ ಒಂದು ಟ್ರಿಪ್ಪು ಹೊಡೆಯುವುದು. ಆ ಹೆಚ್ಚಿನ ಟ್ರಿಪ್ಪಿನ ಬೆಲೆಯನ್ನು ಅವನ ಸೊಂಟ ಕೊಡುತ್ತದೆ. ಇಂಥವನಿಗೆ ಕುಷನ್ನಿನ ಖರ್ಚು ಬಂದಾಗ ಮನೆಯವರೇ "ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ" ಎನ್ನುತ್ತಾರೆ. ಇದು ಜುಟ್ಟಿನ ಮಲ್ಲಿಗೆಯಲ್ಲವೆಂದು ಅವರಿಗೆ ತಿಳಿಸಬೇಕಾಗಿದೆ. ಬೆನ್ನು ಬಿದ್ದ ದಿನ ಗಾಡಿ ನಿಲ್ಲುತ್ತದೆ, ಗಾಡಿ ನಿಂತ ದಿನ ಹಿಟ್ಟು ನಿಲ್ಲುತ್ತದೆ.

ನಮ್ಮ ರೈತ ಇದನ್ನು ಯಾವ ಸಂಹಿತೆಯೂ ಇಲ್ಲದೆ ಬಲ್ಲ. ಎತ್ತಿನ ಹೆಗಲು ಕೆಂಪಾದರೆ ನೊಗಕ್ಕೆ ಬಟ್ಟೆ ಸುತ್ತುತ್ತಾನೆ. ಹುಣ್ಣಾದರೆ ಹೂಡುವುದನ್ನೇ ಬಿಡುತ್ತಾನೆ. ಎತ್ತು ಕೆಟ್ಟರೆ ಬೇಸಾಯ ಕೆಡುತ್ತದೆಂಬುದು ಅವನಿಗೆ ಗೊತ್ತು. ಎತ್ತಿಗೆ ಸಿಕ್ಕ ಈ ವಿವೇಕ ಎತ್ತಿನ ಗಾಡಿಯ ಜಾಗಕ್ಕೆ ಬಂದ ಪಿಕಪ್ಪಿನ ಮನುಷ್ಯನಿಗೆ ಸಿಗಬಾರದೇ?

ನಾವು ಕೇಳುವುದೇನು?

ಬರಿಯ ದೂರು ಹೇಳಿ ಮುಗಿಸುವುದು ನಮ್ಮ ಉದ್ದೇಶವಲ್ಲ. ಕೇಳಬೇಕಾದದ್ದನ್ನು ಸ್ಪಷ್ಟವಾಗಿ ಕೇಳುತ್ತೇವೆ.

ಒಂದು: ಎ.ಸಿ. ಕ್ಯಾಬಿನ್ನಿನ ನಿಯಮವನ್ನು ಎನ್-1 ವರ್ಗದ ಸಾಮಾನು ಗಾಡಿಗಳಿಗೂ ವಿಸ್ತರಿಸಬೇಕು. ಅದರೊಡನೆ ಡ್ರೈವರ್ ಸೀಟಿಗೆ ಕನಿಷ್ಠ ಮಟ್ಟವೊಂದನ್ನು ಗೊತ್ತುಮಾಡಬೇಕು: ಎತ್ತರ ಮತ್ತು ಮುಂದು ಹಿಂದು ಸರಿಪಡಿಸುವ ಅನುಕೂಲ, ಸೊಂಟಕ್ಕೆ ಆಧಾರ, ಗಾಳಿಯಾಡುವ ಹೊದಿಕೆ, ಮತ್ತು ಕಂಪನದ ಒಂದು ಮಿತಿ. ಖರ್ಚು ಏರುತ್ತದೆಂದು ಕಂಪನಿಗಳು ಅಳಬಹುದು. ಇದೇ 2025ರ ಸೆಪ್ಟೆಂಬರ್ 22ರಿಂದ ಸಾಮಾನು ಗಾಡಿಗಳ ಮೇಲಿನ ಜಿ.ಎಸ್.ಟಿ.ಯನ್ನು ಶೇಕಡ 28ರಿಂದ 18ಕ್ಕೆ ಇಳಿಸಲಾಯಿತು. ನೂರಕ್ಕೆ ಹತ್ತು ತೆರಿಗೆ ಬಿಟ್ಟ ಸರ್ಕಾರ, ಅದಕ್ಕೆ ಬದಲಾಗಿ ಡ್ರೈವರಿಗೊಂದು ಒಳ್ಳೆಯ ಸೀಟು ಕೊಡಿರೆಂದು ಒಂದು ಮಾತು ಹೇಳಬಹುದಾಗಿತ್ತು. ಈಗಲೂ ಹೇಳಬಹುದು.

ಎರಡು: ಸಾಮಾನು ಗಾಡಿಗಳು ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಅರ್ಹತಾ ಪತ್ರ ಪಡೆಯಬೇಕು. ಅಲ್ಲಿ ಬ್ರೇಕು ನೋಡುತ್ತಾರೆ, ದೀಪ ನೋಡುತ್ತಾರೆ, ಹೊಗೆ ನೋಡುತ್ತಾರೆ. ಡ್ರೈವರ್ ಸೀಟು ಬೆನ್ನಿಗೆ ತಕ್ಕುದೇ ಎಂದು ನೋಡುವ ಪರೀಕ್ಷೆ ಇಲ್ಲ. ಸೀಟು ಅಲುಗಾಡುತ್ತದೆಯೇ, ತಗಡಿಗೆ ತಾಗುವಷ್ಟು ಕುಸಿದಿದೆಯೇ ಎಂಬುದನ್ನು ನೋಡಲು ಯಂತ್ರ ಬೇಡ. ಇನ್‌ಸ್ಪೆಕ್ಟರು ಐದು ನಿಮಿಷ ಕೂತರೆ ಸಾಕು.

ಮೂರು: ಕರ್ನಾಟಕದಲ್ಲಿ 2024ರಲ್ಲಿ ಮೋಟಾರು ಸಾರಿಗೆ ಮತ್ತು ಇತರ ಸಂಬಂಧಿತ ಕಾರ್ಮಿಕರ ಸಾಮಾಜಿಕ ಭದ್ರತೆ ಮತ್ತು ಕಲ್ಯಾಣದ ಕಾಯಿದೆ ಬಂದಿದೆ. ಡ್ರೈವರು, ಕ್ಲೀನರು, ಗ್ಯಾರೇಜಿನವರನ್ನೆಲ್ಲ ಒಳಗೊಂಡ ಈ ಕಾಯಿದೆಯ ನಿಧಿಗೆ ವಾಹನಗಳ ಮೇಲಿನ ಉಪಕರವೇ ಮೂಲ. ಅಪಘಾತದಲ್ಲಿ ಸತ್ತ ಮೇಲೆ ಕುಟುಂಬಕ್ಕೆ ಪರಿಹಾರ ಕೊಡುವುದು ಅಗತ್ಯ. ಬದುಕಿರುವಾಗ ಬೆನ್ನು ಉಳಿಸುವುದು ಇನ್ನೂ ಅಗತ್ಯ. ನೋಂದಾಯಿತ ಡ್ರೈವರಿಗೆ ಮೂರು ನಾಲ್ಕು ವರ್ಷಕ್ಕೊಮ್ಮೆ ಸೀಟಿನ ಮೆತ್ತೆ ಬದಲಾಯಿಸಲು ಸಹಾಯಧನ, ಜಿಲ್ಲಾ ಆಸ್ಪತ್ರೆಯಲ್ಲಿ ವರ್ಷಕ್ಕೊಮ್ಮೆ ಬೆನ್ನಿನ ತಪಾಸಣೆ — ಈ ಎರಡನ್ನು ಆ ನಿಧಿಯಿಂದ ಆರಂಭಿಸಬೇಕು. ಕುಷನ್ ಕಸುಬಿನವರಿಗೆ ಐ.ಟಿ.ಐ.ಗಳಲ್ಲಿ ಸಣ್ಣದೊಂದು ತರಬೇತಿ ಕೊಟ್ಟರೆ ಅದೇ ಹಣ ಊರಿನಲ್ಲಿಯೇ ಉಳಿದು, ಕೆಲಸವೂ ಸರಿಯಾಗಿ ಆಗುತ್ತದೆ.

ನಾಲ್ಕು: ಕೆಲಸಗಾರರ ತಲೆಯೆಣಿಸಿ ಕಾನೂನು ಹಂಚುವ ಪದ್ಧತಿ ನಿಲ್ಲಬೇಕು. ಎಂಟು ಗಂಟೆಯ ದುಡಿಮೆ, ನಡುವಿನ ಬಿಡುವು ಇವು ಸಂಸ್ಥೆಯ ಗಾತ್ರಕ್ಕೆ ಸಲ್ಲುವ ಹಕ್ಕುಗಳಲ್ಲ, ಮನುಷ್ಯನಿಗೆ ಸಲ್ಲುವ ಹಕ್ಕುಗಳು. ಎಷ್ಟೇ ಒಳ್ಳೆಯ ಸೀಟಾದರೂ ಹದಿನಾಲ್ಕು ಗಂಟೆ ಕೂತವನನ್ನು ಅದು ಕಾಪಾಡಲಾರದು.

ಐದನೆಯದು ಡ್ರೈವರ್ ಬಂಧುಗಳಿಗೇ ಹೇಳುವ ಮಾತು. ನಿಲ್ದಾಣದ ಮರದಡಿ ಗಾಡಿ ನಿಲ್ಲಿಸಿ ಒಬ್ಬೊಬ್ಬರೇ ಸೊಂಟ ಹಿಡಿದುಕೊಂಡು ಇಳಿಯುತ್ತೀರಿ. ಇದು ನನ್ನ ವಯಸ್ಸು, ನನ್ನ ಕರ್ಮ ಎಂದುಕೊಳ್ಳುತ್ತೀರಿ. ಪಕ್ಕದ ಗಾಡಿಯವನೂ ಹಾಗೆಯೇ ಇಳಿಯುತ್ತಿದ್ದಾನೆ, ಅವನ ವಯಸ್ಸು ಇಪ್ಪತ್ತೈದು. ಒಂದೇ ನೋವು ಇಷ್ಟು ಜನರಿಗೆ ಒಟ್ಟಿಗೆ ಬಂದರೆ ಅದು ಕರ್ಮವಲ್ಲ, ವ್ಯವಸ್ಥೆ. ಪ್ರತಿ ತಾಲ್ಲೂಕಿನ ಪಿಕಪ್ ಸ್ಟ್ಯಾಂಡಿನಲ್ಲಿಯೂ ಸಂಘವಾಗಲಿ. ಬಾಡಿಗೆಯ ದರದ ಜೊತೆಗೆ ಸೀಟಿನ, ಬಿಡುವಿನ, ತಪಾಸಣೆಯ ಬೇಡಿಕೆಗಳೂ ಅದರ ಮೊದಲ ಪುಟದಲ್ಲಿರಲಿ. ಮೆತ್ತೆಯನ್ನು ಒಬ್ಬೊಬ್ಬರೇ ಹೊಲಿಸಿಕೊಳ್ಳಬಹುದು. ಕ್ಯಾಬಿನ್ನನ್ನು ಬದಲಾಯಿಸಬೇಕಾದರೆ ಎಲ್ಲರೂ ಸೇರಿ ಕೇಳಬೇಕು.